ಮುಗಿಲಾಗ ಕಂಡ ಬೆಳಕು, ಅದರ ಹಿಂದಿನ ಚರಿತ್ರೆ

ಇವತ್ತು ತೊಗರಿ ರೇಟಿನ ಮಾತಿಲ್ಲ, ಗೊಬ್ಬರದ ಮಾತೂ ಇಲ್ಲ. ಮುಗಿಲಿನ ಮಾತು ಅದ. ಸ್ವಲ್ಪ ಉದ್ದ ಆಗ್ತದ, ಪುರಸೊತ್ತು ಮಾಡ್ಕೊಂಡು ಓದ್ರಿ.

ಡಿಸೆಂಬರಿನಾಗ ಒಂದು ಸಂಜಿ ಕಮಲಾಪುರ ಕಡಿ ಹೊಲದಾಗ ಇದ್ದವರು ಒಂದು ಬೆಳಕು ನೋಡಿದ್ರಿ. ನಾನೂ ನೋಡೀನಿ. ಗಡಿಯಾರದಾಗ ಆರು ಗಂಟೆ ಐದು ನಿಮಿಷ, ಹೊತ್ತು ಮುಳುಗಿ ಇಪ್ಪತ್ತು ನಿಮಿಷದ ಸುಮಾರು. ಮೂಡಣಕ್ಕ, ಭೂಮಿಯಿಂದ ಬಹಳ ಮ್ಯಾಲ ಅಲ್ಲ. ಬಿಳಿ ಚುಕ್ಕಿ, ಮಿಣುಕಲಿಲ್ಲ, ಸಪ್ಪಳ ಇಲ್ಲ, ಸರಿದದ್ದೂ ಕಾಣಲಿಲ್ಲ. ಎರಡು ಮೂರು ನಿಮಿಷದಾಗ ಕೆಂಪಗಾಗಿ, ಎಣ್ಣಿ ತೀರಿದ ದೀಪದಂಗ ಆರಿಹೋಯ್ತು.

ಮರುದಿನ ಮುಂಜಾನಿಗೆ ಅದೇ ಬೆಳಕು ಮೂರು ಆಗಿತ್ತು. ಒಬ್ಬರು ಜಮೀನು ಅಳೀಲಿಕ್ಕ ಬಂದ ಡ್ರೋನ್ ಅಂದ್ರು. ಒಬ್ಬರು ರಾಕೆಟ್ ಅಂದ್ರು. ಮತ್ತೊಬ್ಬರು ಬರಗಾಲದ ಸೂಚನಿ, ಮನಿಗೆ ಇಷ್ಟಂತ ಪಟ್ಟಿ ಹಾಕಿ ಶಾಂತಿ ಮಾಡಿಸಬೇಕು ಅಂದ್ರು. ನಸುಕಿನಾಗ ತೊಗರಿ ಕೊಯ್ಲಿಗೆ ಬರೋ ಹೆಣ್ಮಕ್ಕಳು ಹೊತ್ತು ಏರಿದ ಮ್ಯಾಲೇ ಬರ್ತೀವಿ ಅಂದ್ರು. ಇಬ್ಬನಿ ಆರಿದ ಮ್ಯಾಲ ತೊಗರಿ ಕೊಯ್ದರ ಕಾಯಿ ಒಡೆದು ಕಾಳು ಉದುರ್ತಾವ, ನಿಮಗ ಗೊತ್ತೇ ಅದ. ಅಂದ್ರ ಈ ಬೆಳಕಿನ ಖರ್ಚು ನಮ್ಮ ಹೊಲದ ಮ್ಯಾಲೇ ಬಿತ್ತು. ಅದಕ್ಕೇ ಇದನ್ನ ಜರಡಿ ಹಿಡೀಬೇಕು ಅನ್ನಿಸ್ತು.

ಮೊದಲು ಅಲ್ಲದ್ದು ತೆಗೆಯೋಣ. ಕಲಬುರಗಿಗೆ 2019ರ ನವೆಂಬರಿನಾಗ ವಿಮಾನ ನಿಲ್ದಾಣ ಬಂತು. ಆದ್ರ ವಿಮಾನಕ್ಕ ಮಿಣುಕು ದೀಪ ಇರ್ತದ, ಅದು ಸರೀತದ. ಅಂತರಿಕ್ಷ ನಿಲ್ದಾಣ 400 ಕಿಲೋಮೀಟರ್ ಎತ್ತರದಾಗ ತಾಸೂವರಿಗೊಮ್ಮೆ ಭೂಮಿ ಸುತ್ತತದ. ಅದು ಮಿಣುಕಂಗಿಲ್ಲ ಖರೆ, ಆದ್ರ ನಾಲ್ಕೈದು ನಿಮಿಷದಾಗ ಮುಗಿಲು ದಾಟಿ ಹೋಗ್ತದ, ಒಂದೇ ಕಡಿ ನಿಂದರಂಗಿಲ್ಲ. 2019ರ ಮೇ ತಿಂಗಳಿಂದ ಬಿಡ್ಲಾಕತ್ತಿರೋ ಸ್ಟಾರ್‌ಲಿಂಕ್ ಉಪಗ್ರಹಗಳು ಹೊಸದಾಗಿ ಬಿಟ್ಟಾಗ ಇರುವೆ ಸಾಲಿನಂಗ ಒಂದರ ಹಿಂದ ಒಂದು ಹೋಗ್ತಾವ. ನಾವು ನೋಡಿದ್ದು ಒಂದೇ. ಗ್ರಹ ಅನ್ನೋಣ ಅಂದ್ರ, ಗ್ರಹ ಮರುದಿನ ಅದೇ ಹೊತ್ತಿಗೆ ಹೆಚ್ಚುಕಮ್ಮಿ ಅಲ್ಲೇ ಇರ್ತದ. ನಾನು ಮುಂದಿನ ನಾಲ್ಕು ಸಂಜಿ ಅದೇ ಬದುವಿನ ಮ್ಯಾಲ ನಿಂತು ನೋಡಿದೆ, ಅಲ್ಲಿ ಏನೂ ಇರಲಿಲ್ಲ.

ಉಳಿದದ್ದು ಹೈದರಾಬಾದಿನ ಬಲೂನು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1969ರಿಂದ ಹೈದರಾಬಾದಿನಾಗ ಕಾಯಂ ಕೇಂದ್ರ ಮಾಡ್ಕೊಂಡು ದೊಡ್ಡ ಬಲೂನು ಬಿಡ್ತಾರ. ಜಾತ್ರಿ ಬಲೂನು ಅಲ್ಲರಿ. ಕಲ್ಲಂಗಡಿಗೆ ನಾವು ಹಾಸೋ ಮಲ್ಚಿಂಗ್ ಹಾಳಿಗಿಂತ ತೆಳು ಪ್ಲಾಸ್ಟಿಕ್, ಒಳಗ ಹೈಡ್ರೋಜನ್, ಮ್ಯಾಲ ಹೋಗಿ ಉಬ್ಬಿದರ 50ರಿಂದ 85 ಮೀಟರ್ ಅಗಲ. 30ರಿಂದ 42 ಕಿಲೋಮೀಟರ್ ಎತ್ತರಕ್ಕ ಉಪಕರಣ ಒಯ್ದು, ಕೆಲಸ ಮುಗಿದ ಮ್ಯಾಲ ಪೆಟ್ಟಿಗಿ ಕಡಿದುಕೊಂಡು ಪ್ಯಾರಾಚೂಟಿನಾಗ ಇಳೀತದ. ಗಾಳಿ ಎತ್ತ ಒಯ್ತದೋ ಅತ್ತ: ತೆಲಂಗಾಣ, ಮಹಾರಾಷ್ಟ್ರ, ಇಲ್ಲಾ ನಮ್ಮ ಕಡಿ.

ಅದರಾಗ ದೀಪ ಇರಬೇಕಂತಿಲ್ಲ. ಬೆಳಕು ಸೂರ್ಯಂದೇ. ಊರಾಗ ಕತ್ತಲಾದ್ರೂ ಗುಡ್ಡದ ತುದಿಗೆ ಇನ್ನೂ ಬಿಸಿಲಿರೋದು ನೋಡೀರಲ್ಲ, ಇದೂ ಹಂಗೇ. 30 ಕಿಲೋಮೀಟರ್ ಎತ್ತರದಾಗ ಇದ್ದದ್ದಕ್ಕ ಕೆಳಗಿನ ಊರಿಗಿಂತ ಇಪ್ಪತ್ತು ಇಪ್ಪತ್ತೈದು ನಿಮಿಷ ತಡ ಮಾಡಿ ಹೊತ್ತು ಮುಳುಗ್ತದ. ಮುಳುಗೋ ಮುಂದ ಕೆಂಪಗಾಗಿ ಆರ್ತದ. ಇನ್ನೊಂದು ಲೆಕ್ಕ ನೋಡ್ರಿ. ಕಮಲಾಪುರದಿಂದ ಹೈದರಾಬಾದಿಗೆ ನೆಟ್ಟಗ ಅಳೆದರ ಸುಮಾರು 170 ಕಿಲೋಮೀಟರ್. ಅಲ್ಲಿ ಅಷ್ಟು ಎತ್ತರದಾಗ ತೇಲೋ ಬಲೂನು ನಮಗ ಮೂಡಣದಾಗ 9 ಡಿಗ್ರಿ ಎತ್ತರದಾಗ ಕಾಣ್ತದ. ಕೈ ನೆಟ್ಟಗ ಚಾಚಿ ಮುಷ್ಟಿ ಹಿಡಿದರ ಒಂದು ಮುಷ್ಟಿ ಅಂದ್ರ 10 ಡಿಗ್ರಿ. ಅವತ್ತು ನಾನು ಹಿಡಿದು ನೋಡಿದ್ದು ಒಂದು ಮುಷ್ಟಿಗಿಂತ ತುಸು ಕಮ್ಮಿ. ದಿಕ್ಕು, ಎತ್ತರ, ಹೊತ್ತು, ಆರಿದ ರೀತಿ, ನಾಲ್ಕೂ ಬಲೂನಿಗೇ ಹೊಂದತಾವ.

ನಮ್ಮ ಸುತ್ತಮುತ್ತ ಇದು ಹೊಸದೂ ಅಲ್ಲ. 2022ರ ಡಿಸೆಂಬರ್ 7ಕ್ಕ ಹೈದರಾಬಾದ್, ವಿಕಾರಾಬಾದ್ ಕಡಿ ಮಂದಿ ಮುಗಿಲಾಗ ಬಿಳಿ ಗುಂಡು ನೋಡಿ ಹಾರುವ ತಟ್ಟಿ ಅಂದ್ರು. ಸಂಜಿಯೊಳಗ ವಿಕಾರಾಬಾದ್ ಜಿಲ್ಲಾದ ಮೊಗಿಲಿಗುಂಡ್ಲ ಅನ್ನೋ ಊರಿನ ಹೊಲದಾಗ ದೊಡ್ಡ ಗೋಲ ಇಳಿದಿತ್ತು. ಸ್ಪೇನಿನ ಒಂದು ಕಂಪನಿ ಇದೇ ಬಲೂನಿಗೆ ಕಟ್ಟಿ ಪರೀಕ್ಷೆ ಮಾಡಿದ ಖಾಲಿ ಕ್ಯಾಪ್ಸೂಲ್ ಅದು. ಇನ್ನ 2025ರ ಜನವರಿ 18, ಶನಿವಾರ ಮುಂಜಾನಿ, ನಮ್ಮ ಹೆದ್ದಾರಿ ಹಿಡಿದು ಹೋದ್ರ ಸಿಗೋ ಹುಮನಾಬಾದ್ ತಾಲೂಕಿನ ಜಲಸಂಗಿಯಾಗ ಬಲೂನು, ಪೆಟ್ಟಿಗಿ ಎರಡೂ ಬಿದ್ವು. ಊರ ಮಂದಿ ಅಂಜಿದ್ರು. ಜೋಡಿ ಒಂದು ಪತ್ರ ಇತ್ತು, ಅದರಿಂದ ಹೈದರಾಬಾದಿನದು ಅಂತ ಗೊತ್ತಾಯ್ತು.

ಈ ಜಲಸಂಗಿ ಚರಿತ್ರೆಯಾಗ ಹೆಸರಾದ ಊರು. ಅಲ್ಲಿ ಚಾಲುಕ್ಯರ ಕಾಲದ ಗುಡಿಯ ಗ್ವಾಡಿ ಮ್ಯಾಲ ಒಬ್ಬ ಶಿಲಾಬಾಲಿಕೆ ನಿಂತು ಶಾಸನ ಬರೀತಾಳ, ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಒಂಬೈನೂರು ವರ್ಷದ ಹಿಂದಿಂದು ಇವತ್ತು ಓದ್ಲಿಕ್ಕ ಸಿಗೋದು ಯಾರೋ ಬರೆದಿಟ್ಟರು ಅಂತ.

ಕಲಬುರಗಿಗೆ ಮುಗಿಲು ನೋಡೋ ಹುಚ್ಚೂ ಹಳೇದದ. ಹಫ್ತ್ ಗುಂಬಜ್ ಮುಂದ ದಿನಾ ತಿರುಗಾಡ್ತೀವಿ. ಅಲ್ಲಿ ಮಲಗಿರೋ ಫಿರೋಜ್ ಶಾ ಬಹಮನಿ 1397ರಿಂದ 1422ರ ತನಕ ಕಲಬುರಗಿಯಿಂದ ಆಳಿದವ. ಭೀಮಾ ದಂಡಿ ಮ್ಯಾಲಿನ ಫಿರೋಜಾಬಾದ್ ಕಟ್ಟಿಸಿದವನೂ ಅವನೇ. ಅವ 1407ರಾಗ ದೌಲತಾಬಾದಿನ ಬಾಜೂ ಗುಡ್ಡದ ಮ್ಯಾಲ ಚುಕ್ಕಿ ನೋಡೋ ವೇಧಶಾಲೆ ಕಟ್ಟಲಿಕ್ಕ ಹುಕುಂ ಕೊಟ್ಟ ಅಂತ ಇತಿಹಾಸಕಾರ ಫರಿಶ್ತಾ ಬರೆದಾನ. ಕೆಲಸದ ಹೊಣೆ ಹೊತ್ತ ಹಕೀಮ ಹಸನ್ ಗೀಲಾನಿ ನಡುವೇ ತೀರಿಕೊಂಡ, ಕಟ್ಟೋದು ಅಲ್ಲಿಗೇ ನಿಂತ್ತು.

ಮುಂದ ಐನೂರು ವರ್ಷಕ್ಕ, 1901ರಾಗ, ನವಾಬ್ ಜಫರ್ ಜಂಗ್ ಹೈದರಾಬಾದಿನಾಗ ಸ್ವಂತ ಖರ್ಚಿನಿಂದ ದುರ್ಬೀನು ತರಿಸಿ ವೇಧಶಾಲೆ ಶುರು ಮಾಡಿದ. ಅವನ ನಂತರ 1908ರಾಗ ನಿಜಾಮ ಸರ್ಕಾರ ಅದನ್ನ ವಹಿಸಿಕೊಂಡಿತು, ನಿಜಾಮಿಯಾ ಅನ್ನೋ ಹೆಸರು ಬಂತು. ಇಡೀ ಮುಗಿಲಿನ ನಕ್ಷೆ ಮಾಡೋ ಜಗತ್ತಿನ ಕೆಲಸದಾಗ ತನ್ನ ಪಾಲಿನ ಪಟ್ಟಿಯ ಲಕ್ಷಗಟ್ಟಲೆ ಚುಕ್ಕಿ ಅಳೆದುಕೊಟ್ಟಿತು. ಆಗ ನಮ್ಮ ಜಿಲ್ಲಾನೂ ಆ ರಾಜ್ಯದಾಗೇ ಇತ್ತು. ಇವತ್ತು ಬಲೂನು ಬರೋದೂ ಅದೇ ಊರಿಂದ.

ಬರೆದಿಡದಿದ್ದರ ಏನಾಗ್ತದ ಅನ್ನೋದಕ್ಕ 1910 ಸಾಕ್ಷಿ. ಆ ವರ್ಷ ಹ್ಯಾಲಿ ಧೂಮಕೇತು ಬಂತು, ಮೇ ತಿಂಗಳಾಗ ಭೂಮಿ ಅದರ ಬಾಲದಾಗ ಹಾದು ಹೋಯ್ತು. ವಿಷದ ಗಾಳಿಗೆ ಎಲ್ಲಾ ಸಾಯ್ತಾರ ಅಂತ ಅಮೆರಿಕದಂಥ ದೇಶದಾಗೇ ಧೂಮಕೇತು ಗುಳಿಗಿ ಮಾರಿ ರೊಕ್ಕ ಮಾಡಿದ್ರು. ಯಾರಿಗೂ ಏನೂ ಆಗಲಿಲ್ಲ. ಅದೇ ವರ್ಷ ಜನವರಿಯಾಗ ಮತ್ತೊಂದು ಧೂಮಕೇತು ಹಾಡಹಗಲೇ ಕಂಡಿತ್ತು. ಮುದುಕರಾದ ಮ್ಯಾಲ ಹ್ಯಾಲಿ ನೋಡೀನಿ ಅಂತ ಹೇಳಿದ ಎಷ್ಟೋ ಮಂದಿ ನೋಡಿದ್ದು ಜನವರಿಯದ್ದು. ತಾರೀಖು ಬರೆದಿಡದ ನೆನಪು ಹಂಗೇ ಕಲಸಿಹೋಗ್ತದ. ಅಂಜಿದವರ ಮುಂದ ಗುಳಿಗಿ ಮಾರೋರು ಆಗೂ ಇದ್ರು, ಪಟ್ಟಿ ಎತ್ತೋರು ಈಗೂ ಅದಾರ.

ಹಂಗಂತ ಎಲ್ಲಾ ಬೆಳಕೂ ಸಾಧು ಅಲ್ಲ. 2022ರ ಏಪ್ರಿಲ್ 2, ಯುಗಾದಿ ಸಂಜಿ, ಮಹಾರಾಷ್ಟ್ರ, ಮಧ್ಯಪ್ರದೇಶದ ಮುಗಿಲಾಗ ಬೆಂಕಿಯ ಗೆರಿ ಹಾದು ಹೋಯ್ತು. ಚಂದ್ರಪುರ ಜಿಲ್ಲಾದ ಲಾಡ್ಬೋರಿ ಊರಾಗ ಮೂರು ಮೀಟರ್ ಅಗಲದ ಲೋಹದ ಬಳೆ ಬಿತ್ತು, ಸುತ್ತಲ ಊರಾಗ ಲೋಹದ ಗುಂಡು ಸಿಕ್ಕವು. ಅದು ವರ್ಷದ ಹಿಂದ ಹಾರಿಸಿದ ಚೀನಾ ರಾಕೆಟ್ಟಿನ ಅವಶೇಷ ಅಂತ ತಜ್ಞರು ಗುರುತಿಸಿದ್ರು. ಯಾರ ತಲಿ ಮ್ಯಾಲೂ ಬೀಳಲಿಲ್ಲ, ಪುಣ್ಯ.

ಅದಕ್ಕ ನನ್ನ ಮಾತು ಇಷ್ಟು. ಬೆಳಕು ಕಂಡ ಕೂಡಲೇ ಮೊಬೈಲಿನ ಗಡಿಯಾರ ನೋಡ್ರಿ. ಯಾವ ದಿಕ್ಕು, ಎಷ್ಟು ಮುಷ್ಟಿ ಎತ್ತರ, ಎಷ್ಟು ನಿಮಿಷ, ಮಿಣುಕಿತೋ ಇಲ್ಲೋ, ಹೆಂಗ ಆರಿತು. ಈ ಐದು ಮಾತು ಬೀಜದ ಲೆಕ್ಕ ಬರೆಯೋ ವಹಿಯಾಗೇ ಬರೀರಿ. ಎರಡು ಊರಿನವರು ಬರೆದದ್ದು ಕೂಡಿಸಿದರ ದೂರಾನೂ ಲೆಕ್ಕ ಹಾಕಬಹುದು. ಬರೆದದ್ದು ತಗೊಂಡು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕ ಹೋಗಿ ಕೇಳ್ರಿ. 1984ರಿಂದ ಅದ, ನಮ್ಮ ಹುಡುಗರು ಸಾಲಿ ಟ್ರಿಪ್ಪಿಗೆ ಹೋಗೋ ಜಾಗಾನೇ.

ಹೊಲದಾಗ ಪೆಟ್ಟಿಗಿ ಬಿದ್ದಿದ್ದರ ಮುಟ್ಟಬ್ಯಾಡ್ರಿ, ಹುಡುಗರನ್ನ ದೂರ ಇಡ್ರಿ. ಕೆಲವದರಾಗ ಹೆಚ್ಚಿನ ವೋಲ್ಟೇಜಿನ ಕರೆಂಟ್ ಇರ್ತದ. ಬೆಳಿ ತುಳಿದು ಸೆಲ್ಫಿ ತಗಿಯೋ ಮಂದಿ ಬರೋದ್ರೊಳಗ ನೀವೇ ಒಂದು ಫೋಟೋ ತಗದು, ಬಿದ್ದ ಹೊತ್ತು ಬರೆದಿಟ್ಟು, ಪೊಲೀಸರಿಗೆ ಫೋನ್ ಮಾಡ್ರಿ. ಬಲೂನಿನ ಪೆಟ್ಟಿಗಿ ಕೆಡಿಸದೆ ತಿಳಿಸಿದವರಿಗೆ ತಕ್ಕ ಬಹುಮಾನ, ಫೋನಿನ ಖರ್ಚು ಕೊಡ್ತೀವಿ, ಬಿಚ್ಚಿದ್ದರ ಏನೂ ಇಲ್ಲ ಅಂತ ಆ ಸಂಸ್ಥೆಯವರ ಸೂಚನಾದಾಗೇ ಅದ. ಶಾಂತಿಯ ಪಟ್ಟಿ ಕೇಳಲಿಕ್ಕ ಬಂದವರಿಗೂ ಈ ವಹಿ ತೋರಿಸ್ರಿ.