ಪ್ರಾಪರ್ಟಿ ಮಾರಾಟಕ್ಕಿದೆ

“ಪ್ರಾಪರ್ಟಿ ಎಲ್ಲಾ ಮಾರಿಬಿಡೋಣ ಅಂತಿದ್ದೀನಿ” ಅಂತ ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟರು. “ಯಾವುದ್ಲಾ? ಊರಿನ ಜಮೀನಾ?”

ಅಲ್ಲ ಅಂತ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಸಿನಿಮಾದವರ ಬಾಯಲ್ಲಿ ಪ್ರಾಪರ್ಟಿ ಅಂದರೆ ಸೈಟಲ್ಲ, ಶೂಟಿಂಗಿಗೆ ಬೇಕಾಗುವ ಸಾಮಾನು. ಕತ್ತಿ, ಕಿರೀಟ, ಸಿಂಹಾಸನ, ಕೊನೆಗೆ ಹೀರೋಯಿನ್ ಕೈಯ ಕಾಫಿ ಲೋಟವೂ ಪ್ರಾಪರ್ಟಿಯೇ. ನನ್ನ ಹತ್ತಿರ ಇರುವುದು ಅದರ ನಕಲು. ಜೆ.ಪಿ. ನಗರದ ಎರಡು ಬೆಡ್‌ರೂಮ್ ಬಾಡಿಗೆ ಮನೆಯಲ್ಲಿ ಒಂದು ಪೂರ್ತಿ ರೂಮು ಅವಕ್ಕೇ ಹೋಗಿತ್ತು. ಡಾರ್ತ್ ವೇಡರ್‌ನ ಕಪ್ಪು ಹೆಲ್ಮೆಟ್, ಲ್ಯೂಕ್‌ನ ಲೈಟ್‌ಸೇಬರ್, ಥಾರ್‌ನ ಸುತ್ತಿಗೆ, ಒಂದು ಫೈಬರ್ ಗದೆ, ಮತ್ತೆ ಬಭ್ರುವಾಹನನ ಕಿರೀಟ. ಒಂಬತ್ತು ವರ್ಷದ ಬೋನಸ್ಸು ಅಲ್ಲಿ ಗಾಜಿನ ಬೀರುವಿನೊಳಗೆ ಕೂತಿತ್ತು. ಈಗ ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ, ಇನ್ನು ನಮ್ಮ ಜೊತೆಗೇ ಇರುತ್ತಾರೆ. ಆ ರೂಮು ಬೇಕು. ಆಪರೇಷನ್ನಿನ ಬಿಲ್ಲಿನಲ್ಲಿ ಇನ್ಶೂರೆನ್ಸ್ ಕೊಡದೆ ಉಳಿಸಿದ ಭಾಗವೂ ಇದೆ.

ಕೊಳ್ಳುವವರೊಬ್ಬರು ಸಿಕ್ಕರು. ಒಟ್ಟಿಗೆ ಆದರೆ 1 ಲಕ್ಷ 40 ಸಾವಿರ. ಕಿರೀಟ ಬಿಟ್ಟು ಆದರೆ 70 ಸಾವಿರ. ಲೈಟ್‌ಸೇಬರ್ ಎಲ್ಲಿ ಬೇಕಾದರೂ ಸಿಗುತ್ತೆ, ಬಭ್ರುವಾಹನನ ಕಿರೀಟ ಎಲ್ಲಿ ಸಿಗುತ್ತೆ ಹೇಳಿ ಅನ್ನುವುದು ಅವರ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ.

ಈ ಎರಡೂ ವಸ್ತುಗಳ ಸಿನಿಮಾ ಬಂದದ್ದು ಒಂದೇ ವರ್ಷ, 1977ರಲ್ಲಿ. ಅಲ್ಲಿ ‘ಸ್ಟಾರ್ ವಾರ್ಸ್’, ಇಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’. ಸ್ಟಾರ್ ವಾರ್ಸ್‌ನವರ ಹತ್ತಿರ ದುಡ್ಡು ಸುರಿಯುತ್ತಿತ್ತು ಅಂದುಕೊಳ್ಳಬೇಡಿ. ಲೈಟ್‌ಸೇಬರ್‌ನ ಹಿಡಿ ಅಸಲಿಗೆ ಗ್ರಾಫ್ಲೆಕ್ಸ್ ಎಂಬ ಹಳೇ ಕ್ಯಾಮೆರಾದ ಫ್ಲ್ಯಾಶ್ ಹಿಡಿ. ಸೆಟ್ ಅಲಂಕರಿಸುತ್ತಿದ್ದ ರೋಜರ್ ಕ್ರಿಶ್ಚಿಯನ್‌ಗೆ ಅದು ಲಂಡನ್ನಿನ ಒಂದು ಫೋಟೋ ಅಂಗಡಿಯಲ್ಲಿ ಸಿಕ್ಕಿತು. ಅದಕ್ಕೆ ಅಷ್ಟಿಷ್ಟು ತುಂಡು ಅಂಟಿಸಿ ಅಂತರಿಕ್ಷದ ಕತ್ತಿ ಮಾಡಿದರು. ನಾವು ಆಫೀಸಿನಲ್ಲಿ ಹಳೇ ಕೋಡಿಗೆ ತೇಪೆ ಹಾಕಿ ಹೊಸ ಪ್ರಾಡಕ್ಟ್ ಅಂತ ಬಿಡುತ್ತೇವಲ್ಲ, ಹಾಗೆ.

ನಮ್ಮ ಕಡೆ ಕಿರೀಟ ಬಂದದ್ದು ಎಲ್ಲಿಂದ? ಕಂಪನಿ ನಾಟಕದಿಂದ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಗುಬ್ಬಿ ವೀರಣ್ಣನವರ ಕಾಲಕ್ಕೆ ಅದು ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತರುವಷ್ಟು ಬೆಳೆದಿತ್ತು. ಮುತ್ತುರಾಜ್ ಎಂಬ ಹುಡುಗ ಅಪ್ಪನ ಜೊತೆ ಪಾತ್ರ ಮಾಡಿಕೊಂಡು ಪಳಗಿದ್ದು ಆ ಕಂಪನಿಯಲ್ಲೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅವರು ರಾಜ್‌ಕುಮಾರ್ ಆದರು, ಆ ಸಿನಿಮಾದ ಹಿಂದೆಯೂ ಗುಬ್ಬಿಯವರೇ ಇದ್ದರು. 1960ರಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ‘ರಣಧೀರ ಕಂಠೀರವ’ ನಿರ್ಮಿಸಿದರು. ನಾಲ್ವರೂ ನಾಟಕದ ಮಣ್ಣಿನವರು. ನಮ್ಮ ತೆರೆಯ ರಾಜ ಹೇಗೆ ನಿಲ್ಲಬೇಕು, ಭುಜಕೀರ್ತಿ ಎಷ್ಟಗಲ ಇರಬೇಕು ಅನ್ನುವುದನ್ನು ಇತಿಹಾಸದ ಪುಸ್ತಕಕ್ಕಿಂತ ಹೆಚ್ಚಾಗಿ ಕಲಿಸಿದ್ದು ಕಂಪನಿಗಳು.

ಹಾಗಾದರೆ ಆ ಹಳೇ ಸಾಮಾನೆಲ್ಲ ಎಲ್ಲಿ? ಸಾಮಾನಿನ ಮಾತು ಬಿಡಿ, ಮೊದಲ ಸಿನಿಮಾವೇ ಇಲ್ಲ. ‘ಸತಿ ಸುಲೋಚನಾ’, ಕನ್ನಡದ ಮೊದಲ ಟಾಕಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ನಮ್ಮಲ್ಲಿ ಸ್ಟುಡಿಯೋ ಇಲ್ಲದೆ ಕೊಲ್ಹಾಪುರದಲ್ಲಿ ಶೂಟಿಂಗ್ ಮಾಡಿದ್ದರು. ಆರ್. ನಾಗೇಂದ್ರರಾಯರು ರಾವಣ, ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತ್, ತ್ರಿಪುರಾಂಬ ಸುಲೋಚನೆ. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ಸಿನಿಮಾ ಕಾಪಾಡಲೆಂದು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ. ಸಿನಿಮಾವನ್ನೇ ಇಟ್ಟುಕೊಳ್ಳಲಾರದವರು ರಾವಣನ ಹತ್ತು ತಲೆ ಇಟ್ಟುಕೊಂಡಿರುತ್ತೇವಾ?

ಅಮೆರಿಕದವರು ಬಹಳ ಜೋಪಾನ ಮಾಡಿದರು ಅಂತಲೂ ಇಲ್ಲ. 1970ರಲ್ಲಿ ಎಂಜಿಎಂ ಸ್ಟುಡಿಯೋ ತನ್ನ ಗೋದಾಮಿನ ಸಾಮಾನನ್ನು ಗುಜರಿಯ ಹಾಗೆ ಹರಾಜು ಹಾಕಿತು. 1939ರ ‘ದಿ ವಿಜಾರ್ಡ್ ಆಫ್ ಆಜ್’ನ ಕೆಂಪು ಚಪ್ಪಲಿ ಅಲ್ಲಿ 15,000 ಡಾಲರ್‌ಗೆ ಹೋಯಿತು. ಅದೇ ಸಿನಿಮಾದ ಇನ್ನೊಂದು ಜೊತೆ 2005ರಲ್ಲಿ ಮ್ಯೂಸಿಯಮ್ಮಿನಿಂದ ಕಳುವಾಗಿ, 2018ರಲ್ಲಿ ಸಿಕ್ಕಿ, 2024ರ ಡಿಸೆಂಬರಿನಲ್ಲಿ 2 ಕೋಟಿ 80 ಲಕ್ಷ ಡಾಲರ್‌ಗೆ ಕೂಗಿಸಿಕೊಂಡಿತು. ಎಂಜಿಎಂ ಹರಾಜಿನಲ್ಲಿ ಕೂತು ಕೊಂಡವರಲ್ಲಿ ನಟಿ ಡೆಬ್ಬಿ ರೆನಾಲ್ಡ್ಸ್ ಒಬ್ಬರು. ಶಾಶ್ವತವಾದ ಮ್ಯೂಸಿಯಂ ಮಾಡಬೇಕು ಅಂತ ದಶಕಗಟ್ಟಲೆ ಒದ್ದಾಡಿದರು, ಆಗಲಿಲ್ಲ. ಕೊನೆಗೆ 2011ರಲ್ಲಿ ಹರಾಜಿಗಿಟ್ಟರು. ಮರ್ಲಿನ್ ಮನ್ರೋಳ ಗಾಳಿಗೆ ಹಾರುವ ಬಿಳಿ ಫ್ರಾಕ್ ಒಂದಕ್ಕೇ 46 ಲಕ್ಷ ಡಾಲರ್ ಬಂತು. ಅಷ್ಟು ದುಡ್ಡು ಬಂದರೂ ಅವರು ಕಟ್ಟಬೇಕು ಅಂದುಕೊಂಡಿದ್ದ ಮ್ಯೂಸಿಯಂ ಮಾತ್ರ ಬರಲಿಲ್ಲ. ಇಷ್ಟೆಲ್ಲ ಓದಿಕೊಂಡು ಒಂದು ಎಕ್ಸೆಲ್ ಶೀಟ್ ಮಾಡಿದೆ, ನನ್ನ ಸಾಮಾನಿನ ಬೆಲೆ ಏರುತ್ತೋ ಇಳಿಯುತ್ತೋ ಅಂತ. ಉತ್ತರ ಬೇಗ ಸಿಕ್ಕಿತು. ಏರುವುದು ಅಸಲಿಯ ಬೆಲೆ. ಫ್ಯಾಕ್ಟರಿಯಲ್ಲಿ ಸಾವಿರಗಟ್ಟಲೆ ಮಾಡಿದ ನಕಲು ಹಳೇ ಮೊಬೈಲಿನ ಹಾಗೆ, ಡಬ್ಬ ಬಿಚ್ಚಿದರೆ ಅರ್ಧ.

ಆದರೆ ಕಿರೀಟ ಶೀಟಿನೊಳಗೆ ಕೂರಲಿಲ್ಲ. ಅದನ್ನು ಮಾಡಿಕೊಟ್ಟವರು ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಒಬ್ಬ ಹಿರಿಯರು. ಸಿನಿಮಾ ನಿಲ್ಲಿಸಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗಿದ್ದೆ. ಒಮ್ಮೆ ನೋಡಿ ಪಕ್ಕಕ್ಕಿಟ್ಟು, “ತಲೆ ಅಳತೆ ಕೊಡಿ” ಅಂದರು. “ಸಾರ್, ಇದು ಹಾಕ್ಕೊಳ್ಳೋಕಲ್ಲ, ಬೀರುವಿನಲ್ಲಿ ಇಡೋಕೆ” ಅಂದೆ. “ಹಾಕ್ಕೊಳ್ದೇ ಇದ್ರೆ ಅದು ಕಿರೀಟ ಹೆಂಗಾಯ್ತದೆ?” ಅಂತ ಟೇಪು ಹಿಡಿದುಕೊಂಡೇ ಬಂದರು. ರಟ್ಟು, ಬಟ್ಟೆ, ಬೇಗಡೆ, ಮಣಿ. ಅಷ್ಟೇ ಸಾಮಾನು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ.

ನಮ್ಮದು ಕುಣಿಗಲ್ ಕಡೆಯ ಊರು. ಆ ಸೀಮೆಯಲ್ಲಿ ಬೆಳೆದವರಿಗೆ ‘ಕುರುಕ್ಷೇತ್ರ’ ನಾಟಕ ಗೊತ್ತಿರುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸುತ್ತಾರೆ. ಪಾತ್ರ ಮಾಡುವವರಿಗೆ ಸಂಭಾವನೆ ಇಲ್ಲ, ಪಾತ್ರಧಾರಿಯೇ ದುಡ್ಡು ಕಟ್ಟಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ದುಡ್ಡು. ಸೀನರಿ, ಡ್ರೆಸ್ಸು, ಗದೆ ಎಲ್ಲವೂ ಬಾಡಿಗೆ, ಲಾರಿಯಲ್ಲಿ ಬರುತ್ತವೆ. ರಾತ್ರಿಯಿಡೀ ರಾಜರಾದವರು ಬೆಳಗ್ಗೆ ಎಲ್ಲ ಬಿಚ್ಚಿ ಕೊಟ್ಟು, ಮುಖದ ಬಣ್ಣ ಪೂರ್ತಿ ಹೋಗುವ ಮೊದಲೇ ಕೊಟ್ಟಿಗೆಗೆ ಹೋಗುತ್ತಾರೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಭೀಮನಾದರು. ಆ ಪಾತ್ರಕ್ಕೆ ಕಟ್ಟಲು ಎರಡು ಕುರಿ ಮಾರಿದರು. ಒಂದು ರಾತ್ರಿಯ ಗದೆಗೆ ಎರಡು ಕುರಿ ಅಂತ ಅಮ್ಮ ಇರುವವರೆಗೂ ಹಂಗಿಸುತ್ತಿದ್ದರು. ಲೆಕ್ಕದಲ್ಲಿ ಅಮ್ಮನದೇ ಸರಿ. ಮಾರನೇ ದಿನ ಅಪ್ಪನ ಕೈಯಲ್ಲಿ ಒಂದು ಮಣಿಯೂ ಉಳಿದಿರಲಿಲ್ಲ.

ಕೊಳ್ಳುವವರು ನೋಡಲು ಬರುವ ಹಿಂದಿನ ಸಂಜೆ ಅಪ್ಪ ಕೋಲೂರಿಕೊಂಡು ರೂಮಿಗೆ ಬಂದರು. ವೇಡರ್‌ನ ಹೆಲ್ಮೆಟ್ ನೋಡಿ ಏನೂ ಹೇಳಲಿಲ್ಲ. ಫೈಬರ್ ಗದೆಯನ್ನು ಒಂದು ಕೈಯಲ್ಲಿ ಎತ್ತಿ, ಹೆಗಲಿಗೆ ಇಟ್ಟು, ಇಳಿಸಿದರು. ಒಳಗೆ ಕಬ್ಬಿಣದ ರಾಡಿದೆ, ಐದು ಕೆಜಿ.

“ನೋಡೋಕೆ ಚೆನ್ನಾಗದೆ. ಭಾರ ಜಾಸ್ತಿಯಾಯ್ತು ಕಣ್ಲಾ. ಬೆಳಗಾನ ಹೊತ್ಕೊಂಡು ಹಾಡೋಕಾಗಲ್ಲ.”

ಆಮೇಲೆ ಕಿರೀಟ ಎತ್ತಿಕೊಂಡರು. ಒಳಗಿನ ಬಟ್ಟೆ ಮುಟ್ಟಿ ನೋಡಿ, “ಇದು ಮಾಡ್ದೋನಿಗೆ ಗೊತ್ತು” ಅಂದರು. ಹಾಕಿಕೊಳ್ಳಲಿಲ್ಲ. ನನ್ನ ತಲೆಯ ಅಳತೆ ಅಂತ ಅವರಿಗೂ ಕಂಡಿರಬೇಕು.

ಮಾರಬೇಕೋ ಬೇಡವೋ ಅಂತ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕಷ್ಟ ಏನಾಗಿತ್ತು ಅಂದರೆ ಎಲ್ಲವನ್ನೂ ‘ಕಲೆಕ್ಷನ್’ ಅಂತ ಒಂದೇ ಹೆಸರಿನಲ್ಲಿ ಕರೆದುಬಿಟ್ಟಿದ್ದೆ. ಬಿಡಿಬಿಡಿಯಾಗಿ ನೋಡಿದರೆ ನಾಲ್ಕು ನೋಡುವ ವಸ್ತು, ಒಂದು ಹಾಕಿಕೊಳ್ಳುವ ವಸ್ತು. ನಾಲ್ಕನ್ನೂ 70 ಸಾವಿರಕ್ಕೆ ಕೊಟ್ಟೆ. ಇನ್ನೊಂದು 70 ಸಾವಿರ ಬಿಟ್ಟುಕೊಟ್ಟದ್ದಕ್ಕೆ ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಬಿಲ್ಲಿನ ಬಾಕಿ ಈಗ ಇಎಂಐ ಆಗಿ ಕಟ್ಟುತ್ತಿದ್ದೇನೆ. ಬೀರುವಿದ್ದ ಜಾಗದಲ್ಲಿ ಅಪ್ಪನ ಮಂಚ ಬಂದಿದೆ.

ಈ ಸಲ ಊರಿನ ನಾಟಕಕ್ಕೆ ಕಿರೀಟ ಹೋಗಿತ್ತು, ಅರ್ಜುನನ ತಲೆಗೆ. ವಾಪಸ್ ಬಂದಾಗ ಮುಂದಿನ ಸಾಲಿನ ಮೂರು ಮಣಿ ಇಲ್ಲ, ಅಂಚಿಗೆಲ್ಲ ಬಣ್ಣ ಮೆತ್ತಿಕೊಂಡಿದೆ, ಹಿಂದೆ ಯಾರೋ ಒಂದು ಪಿನ್ನು ಚುಚ್ಚಿ ಬಿಗಿ ಮಾಡಿದ್ದಾರೆ. ಅದೇ ವಾರ ಆ ಕೊಳ್ಳುವವರ ಮೆಸೇಜ್ ಬಂತು, ಮನಸ್ಸು ಬದಲಾಯಿಸಿದ್ದೀರಾ, ಕಂಡೀಷನ್ ಹೇಗಿದೆ ಅಂತ. ಫೋಟೋ ಕಳಿಸಿದೆ. ಅವರು ಮತ್ತೆ ಕೇಳಲಿಲ್ಲ.