ಜಮಾಲಾಬಾದಿನ ದುರ್ಗವೂ ಪಾರ್ಲಿಮೆಂಟಿನ ಯುದ್ಧನಿರ್ಬಂಧವೂ

ಧರ್ಮಸ್ಥಳವಿರುವ ಬೆಳ್ತಂಗಡಿ ತಾಲ್ಲೂಕಿನಲ್ಲಿ ಟಿಪ್ಪೂ ಸುಲ್ತಾನನು 1794ರಲ್ಲಿ ಕಟ್ಟಿಸಿದ ಜಮಾಲಾಬಾದಿನ ದುರ್ಗವು 1799ರಲ್ಲಿ ಆಂಗ್ಲರ ವಶವಾಯಿತು. ಆ ಯುದ್ಧವನ್ನು ಹೂಡುವ ಅಧಿಕಾರವು ಯಾರದಾಗಿದ್ದಿತೆಂಬುದು ವಿಚಾರಾರ್ಹವಾಗಿದೆ.

ಈಸ್ಟ್ ಇಂಡಿಯಾ ಕಂಪೆನಿಯ ಡೈರೆಕ್ಟರುಗಳ ಆಜ್ಞೆಯಿಲ್ಲದೆ ಗವರ್ನರ್ ಜನರಲನು ಭರತಖಂಡದಲ್ಲಿ ಯುದ್ಧವನ್ನು ಸಾರಕೂಡದೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1784ರಲ್ಲಿ ಶಾಸನ ಮಾಡಿತು. 1793ರಲ್ಲಿ ಅದನ್ನೇ ಪುನಃ ವಿಧಿಸಿತು. ಆದರೆ ಶತ್ರುವು ಕಂಪೆನಿಯ ಮೇಲಾಗಲಿ ಅದು ರಕ್ಷಿಸಬೇಕಾದ ಮಿತ್ರರ ಮೇಲಾಗಲಿ ಯುದ್ಧವನ್ನಾರಂಭಿಸಿದ್ದರೆ ಅಥವಾ ಯುದ್ಧಸನ್ನಾಹ ಮಾಡಿದ್ದರೆ ಆಜ್ಞೆಯು ಬೇಕಿರಲಿಲ್ಲ. ಸನ್ನಾಹವುಂಟೋ ಇಲ್ಲವೋ ಎಂಬುದನ್ನು ಇಲ್ಲಿ ಮೊದಲು ನಿರ್ಣಯಿಸುವವನು ಗವರ್ನರ್ ಜನರಲನೇ. ಟಿಪ್ಪುವು ಮಾರಿಷಸ್ ದ್ವೀಪದ ಫ್ರೆಂಚರ ಸಹಾಯವನ್ನು ಬೇಡಿದುದನ್ನು ವೆಲ್ಲೆಸ್ಲಿಯು ಯುದ್ಧಕಾರಣವಾಗಿ ಮುಂದಿಟ್ಟನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ವಾರ್ತೆಯು ಲಂಡನ್ನಿಗೆ ಮುಟ್ಟಲು ತಿಂಗಳುಗಳು ಹಿಡಿದುವು. ಪಾರ್ಲಿಮೆಂಟು ಅಭಿನಂದಿಸಿತು, ಕೆನರಾ ಸೀಮೆಯು ಕಂಪೆನಿಯದಾಯಿತು.

ಅಪವಾದವು ಉತ್ಸರ್ಗವನ್ನು ಬಾಧಿಸುವುದೆಂಬುದು ಶಾಸ್ತ್ರಜ್ಞರಿಗೆ ವಿದಿತವೇ ಆಗಿದೆ. ಆದರೆ ಯಾರನ್ನು ನಿರ್ಬಂಧಿಸಲು ಉತ್ಸರ್ಗವು ಹುಟ್ಟಿತೋ ಅವನೇ ಅಪವಾದವನ್ನು ನಿರ್ಣಯಿಸುವುದಾದರೆ, ಉತ್ಸರ್ಗಕ್ಕೆ ಅವಕಾಶವೇ ಉಳಿಯದು. ಭಾರತ ಸಂವಿಧಾನದ 53ನೆಯ ಅನುಚ್ಛೇದವು ಸೇನೆಗಳ ಪರಮಾಧಿಪತ್ಯವನ್ನು ರಾಷ್ಟ್ರಪತಿಯಲ್ಲಿಟ್ಟು, ಅದರ ಪ್ರಯೋಗವು ಶಾಸನದಿಂದ ನಿಯಮಿತವಾಗತಕ್ಕದ್ದೆಂದು ಹೇಳುತ್ತದೆ. ಅಂತಹ ಶಾಸನವನ್ನು ರಚಿಸುವವರು, ಅಪವಾದದ ನಿರ್ಣಯವು ಯಾರದೆಂಬುದನ್ನು ಮೊದಲು ಸ್ಪಷ್ಟಪಡಿಸಬೇಕು.