ನೆಲದ ಮೇಲಿನ ನಿಧಾನಗಾಮಿಗಳು: ಪ್ಯಾಸಿವ್ ರೇಡಾರ್ ನಡೆದು ಬಂದ ದಾರಿ

ಪ್ಯಾಸಿವ್ ರೇಡಾರ್ ಎಂದರೆ ಸ್ಟೆಲ್ತ್ ವಿಮಾನ ಹಿಡಿಯುವ ಯಂತ್ರ ಎಂಬ ಮಾತು ಈಚೆಗೆ ಬಲವಾಗಿದೆ. 2019ರಲ್ಲಿ ಎರಡು ಎಫ್-35 ಸ್ಟೆಲ್ತ್ ವಿಮಾನಗಳ ಜಾಡು ಹಿಡಿದೆವೆಂದು ಜರ್ಮನಿಯ ಹೆನ್‌ಸೋಲ್ಟ್ ಕಂಪನಿ ಹೇಳಿಕೊಂಡ ಮೇಲಂತೂ ಪತ್ರಿಕೆಗಳಿಗೆ ಬೇರೆ ಸುದ್ದಿಯೇ ಇರಲಿಲ್ಲ. ಆದರೆ ತಾನು ಏನನ್ನೂ ಪ್ರಸಾರ ಮಾಡದೆ, ಟಿವಿ-ರೇಡಿಯೊ ಗೋಪುರಗಳ ಅಲೆಗಳನ್ನು ಕಡ ತಂದು ಕೆಲಸ ಮಾಡುವ ಈ ತಂತ್ರದ ನಿಜವಾದ ಪರೀಕ್ಷೆ ಆಕಾಶದಲ್ಲಿಲ್ಲ, ರಸ್ತೆಯಲ್ಲಿದೆ.

ಮೊದಲ ಅಧ್ಯಾಯಗಳು ಎಲ್ಲರಿಗೂ ಗೊತ್ತಿರುವಂಥವು. 1935ರ ಫೆಬ್ರವರಿಯಲ್ಲಿ ಬ್ರಿಟನ್ನಿನ ವಾಟ್ಸನ್-ವಾಟ್ ಮತ್ತು ವಿಲ್ಕಿನ್ಸ್ ಡ್ಯಾವೆಂಟ್ರಿಯ ಬಿಬಿಸಿ ಪ್ರಸಾರದಿಂದಲೇ ವಿಮಾನವನ್ನು ಗುರುತಿಸಿದರು. ಯುದ್ಧಕಾಲದಲ್ಲಿ ಜರ್ಮನರ ಕ್ಲೈನ್ ಹೈಡೆಲ್‌ಬರ್ಗ್ ವ್ಯವಸ್ಥೆ ಬ್ರಿಟಿಷರ ರೇಡಾರ್ ಅಲೆಗಳನ್ನೇ ಬಳಸಿಕೊಂಡಿತು. 1986ರಲ್ಲಿ ಗ್ರಿಫಿತ್ಸ್ ಮತ್ತು ಲಾಂಗ್ ಟಿವಿ ಪ್ರಸಾರದ ಮೇಲೆ ಪ್ರಯೋಗ ನಡೆಸಿದರು. 1998ರಲ್ಲಿ ಲಾಕ್‌ಹೀಡ್ ಮಾರ್ಟಿನ್‌ನ ಸೈಲೆಂಟ್ ಸೆಂಟ್ರಿ ಬಂತು. ಇವರೆಲ್ಲರ ಕಣ್ಣು ಆಕಾಶದ ಮೇಲೆ.

ನೆಲದ ಕಷ್ಟ ಬೇರೆ. 600 ಮೆಗಾಹರ್ಟ್ಸ್ ಟಿವಿ ಅಲೆಯಲ್ಲಿ ಗಂಟೆಗೆ 900 ಕಿ.ಮೀ. ವೇಗದ ವಿಮಾನದ ಡಾಪ್ಲರ್ ಪಲ್ಲಟ (ಚಲನೆಯಿಂದ ಅಲೆಯ ಆವರ್ತನದಲ್ಲಾಗುವ ಬದಲಾವಣೆ) 1000 ಹರ್ಟ್ಸ್‌ವರೆಗೆ ಹೋಗುತ್ತದೆ, 36 ಕಿ.ಮೀ. ವೇಗದ ಕಾರಿನದು ಹೆಚ್ಚೆಂದರೆ 40. ಕಟ್ಟಡ, ಗುಡ್ಡ, ಮರಗಳ ಪ್ರತಿಧ್ವನಿ ಅಲ್ಲೇ ಪಕ್ಕದಲ್ಲಿ, ಸೊನ್ನೆಯ ಬಳಿ, ಕೂತಿರುತ್ತದೆ. 2005ರಲ್ಲಿ ಸಿಂಗಪುರದ ತಂಡವೊಂದು ಜಿಎಸ್‌ಎಂ ಮೊಬೈಲ್ ಅಲೆಗಳಿಂದ ವಾಹನಗಳನ್ನೂ ನಡೆದಾಡುವವರನ್ನೂ ಗುರುತಿಸಿತು. ಬ್ಯಾಂಡ್‌ವಿಡ್ತ್ ಕಿರಿದಾದ್ದರಿಂದ ದೂರದ ಅಳತೆ ಮಾತ್ರ ಎರಡು ಕಿಲೋಮೀಟರಿನಷ್ಟು ಒರಟು. ಡಿಜಿಟಲ್ ಟಿವಿ ಬಂದು ಅದನ್ನು ಸುಮಾರು 20 ಮೀಟರಿಗೆ ಇಳಿಸಿತು.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 2009ರದು. ರೋಮಿನ ಕೊಲೊನೆ, ಲೊಂಬಾರ್ಡೊ ಮತ್ತು ಸಂಗಡಿಗರು ಗೋಪುರದಿಂದ ನೇರ ಬರುವ ಸಂಕೇತವನ್ನೂ ನಿಂತ ವಸ್ತುಗಳ ಪ್ರತಿಧ್ವನಿಯನ್ನೂ ಹಂತ ಹಂತವಾಗಿ ಕಳೆಯುವ ವಿಧಾನ ಕೊಟ್ಟರು. ನಮ್ಮ ಪೀಳಿಗೆ ಕೆಲಸ ಕಲಿತದ್ದು ಅದರ ಮೇಲೆ.

ರಿಸೀವರನ್ನೇ ವಿಮಾನಕ್ಕೇರಿಸಿದಾಗ ಕತೆ ಬಿಗಿಯಾಯಿತು. ಸೆಕೆಂಡಿಗೆ 70 ಮೀಟರ್ ಹಾರುವಾಗ ಅದೇ ಟಿವಿ ಅಲೆಯಲ್ಲಿ ನಿಂತ ನೆಲವೂ ಸೊನ್ನೆಯ ಎರಡೂ ಕಡೆ 140 ಹರ್ಟ್ಸ್‌ವರೆಗೆ ಹರಡಿಕೊಳ್ಳುತ್ತದೆ. ಕಾರಿನ 40 ಅದರೊಳಗೇ ಮುಳುಗುತ್ತದೆ. ಉಪಾಯವೆಂದರೆ ಒಂದರ ಹಿಂದೊಂದು ಎರಡು ಆಂಟೆನಾ. ಮುಂದಿನದು ಇದ್ದ ಜಾಗಕ್ಕೆ ಹಿಂದಿನದು ಬಂದ ಕ್ಷಣ ಎರಡೂ ಅಲ್ಲಿ ಹಿಡಿದ ಸಂಕೇತಗಳನ್ನು ಒಂದರಿಂದೊಂದು ಕಳೆದರೆ ನಿಂತದ್ದು ಹೋಗಿ ಚಲಿಸುವುದು ಉಳಿಯುತ್ತದೆ. ವಾರ್ಸಾದ ಕುಲ್ಪಾ ಬಳಗ 2012ರಲ್ಲಿ ಇದನ್ನು ಪ್ರಕಟಿಸಿತು. ಆದರೆ ಟಿವಿ ಪ್ರಸಾರ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಕಳೆದರೂ ಶೇಷ ಉಳಿಯುತ್ತಿತ್ತು. 2019ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಮತ್ತು ರೋಮಿನವರು ಸೇರಿ, ಬಂದ ಸಂಕೇತವನ್ನು ಪ್ರಸಾರದ ಸ್ಪೆಕ್ಟ್ರಮ್‌ನಿಂದಲೇ ಭಾಗಿಸಿ, ಕಾರ್ಯಕ್ರಮ ಏನೇ ಇದ್ದರೂ ಉತ್ತರ ಒಂದೇ ಬರುವಂತೆ ಮಾಡಿದರು. ಈ ಕ್ಷೇತ್ರದ ಅತ್ಯಂತ ಚೊಕ್ಕ ಕೆಲಸ ಇದು, ಸುದ್ದಿಯಾಗಲಿಲ್ಲ.

ಈಗ 5ಜಿ ಬಂದಿದೆ. ಬ್ಯಾಂಡ್‌ವಿಡ್ತ್ ಧಾರಾಳ, ಆದರೆ ಬಳಕೆದಾರರಿಲ್ಲದ ಹೊತ್ತಿನಲ್ಲಿ ಗೋಪುರ ಬಹುಪಾಲು ಸುಮ್ಮನಿರುತ್ತದೆ. ಭಾರತದಲ್ಲಿ ದೂರದರ್ಶನದ ಅನಲಾಗ್ ಪ್ರಸಾರ ಬಹುತೇಕ ನಿಂತಿದೆ; ಯುರೋಪಿನ ಟಿವಿ ಗೋಪುರಗಳನ್ನು ನಂಬಿ ಬರೆದ ಲೆಕ್ಕ ಇಲ್ಲಿಗೆ ಹಾಗೇ ಒಗ್ಗದು. ನಾನು ಓದುವ ಪ್ರಬಂಧಗಳಲ್ಲಿ ಹೆಚ್ಚಿನವು ಬಯಲು ರಸ್ತೆಯಲ್ಲಿ, ಜಿಪಿಎಸ್ ಕಟ್ಟಿದ ಕಾರಿನ ಮೇಲೆ ಪರೀಕ್ಷಿಸಿದವು. ಮಲೆನಾಡಿನ ಅಡಿಕೆ ತೋಟ ಗಾಳಿಗೆ ತೂಗಿದಾಗ ಅದೂ ಕೆಲವು ಹರ್ಟ್ಸ್ ಪಲ್ಲಟ ತೋರಿಸುತ್ತದೆ; ನಡೆದು ಹೋಗುವವನದೂ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಅಲ್ಗಾರಿದಮ್‌ಗೆ ಹಣ ಕೊಡುವ ಮುನ್ನ ಇಂಥ ನೆಲದಲ್ಲಿ ಮಳೆಗಾಲ ಬೇಸಗೆಯೆನ್ನದೆ ಅಲೆಗಳನ್ನು ದಾಖಲಿಸಿ, ತಪ್ಪಿಹೋದ ಗುರಿಗಳ ಸಮೇತ ಎಲ್ಲರಿಗೂ ಸಿಗುವಂತೆ ಇಡಬೇಕು. ಆಗ ಯಾವ ವಿಧಾನ ನಿಲ್ಲುತ್ತದೆಂದು ವಾದ ಮಾಡಬೇಕಾದೀತೇ?